ಆಹೇರಿಗೆ ಹೋದ ಚಿತ್ರ

ಉಳವಿ ಬಸವಣ್ಣನ ಮೇಲೆ ಭಾರ ಹಾಕಿ ಮನೆ ಬಿಡುವವರು ನಾವು. ಹೀಗಾಗಿ ಎಲ್ಲಿಗೆ ಹೋಗಿ ಮುಟ್ಟುತ್ತೇವೆಂಬುದೂ ಅವನಿಗೇ ಬಿಟ್ಟದ್ದು.

೧. ಒಂಟಿ ವರ

ದಾಂಡೇಲಿಯಲ್ಲಿ ಗೆಳೆಯನ ಮಗನ ಮದುವೆ. ವರನ ಮುಖ ನಾವು ಕಂಡದ್ದಿಲ್ಲ. ಹಳಿಯಾಳದ ಬಸ್ಸಿಳಿದು, ಬಾಗಿಲಿಗೆ ತೋರಣ ಕಂಡ ಭವನಕ್ಕೆ ನುಗ್ಗಿದೆವು. ಗೋಡೆ ತುಂಬ ಚಿತ್ರ, ಖಾಲಿ ಕುರ್ಚಿಗಳು, ನಡುವೆ ಹೊಸ ಜುಬ್ಬಾದ ಒಬ್ಬ ತರುಣ.

“ಪಾಪ, ವರ ಒಬ್ಬನ ಕುಂತಾನ. ಮಂದಿ ಊಟಕ್ಕ ಎದ್ದಿರಬೇಕು,” ಎಂದು ನನ್ನಾಕೆ ಕುಂಕುಮ ಹಚ್ಚಿ, ಆಹೇರಿಗೆಂದು, ಅಂದರೆ ಮದುವೆಯ ಉಡುಗೊರೆಗೆಂದು, ತಂದಿದ್ದ ಟವೆಲ್ಲು, ಟೊಪ್ಪಿಗೆ ಅವನ ಕೈಗಿಟ್ಟಳು. ಅವನ ಕಣ್ಣು ಒದ್ದೆಯಾದವು.

“ಮುಂಜಾನಿಂದ ಒಂದು ನರಪಿಳ್ಳೆ ಬಂದಿಲ್ರಿ.”

“ಅಯ್ಯ ಶಿವನ! ಹುಡುಗೀನೂ ಬಂದಿಲ್ಲೇನು?”

೨. ಕೆಂಪು ಮೌನ

ಅದು ಅವನ ಚಿತ್ರಪ್ರದರ್ಶನವಂತೆ. ಮದುವೆ ಹಿಂದಿನ ಭವನದಲ್ಲಂತೆ. ಕೊಟ್ಟ ಆಹೇರಿ ಮರಳಿ ಕೇಳುವುದು ಪಾಪ. ಬರಿಗೈಯಲ್ಲಿ ಮದುವೆಗೆ ಹೋಗುವುದು ಅದಕ್ಕಿಂತ ದೊಡ್ಡ ಪಾಪ. ದಾರಿ ಹೊಳೆಯಲೆಂದು ಚಿತ್ರ ನೋಡುತ್ತ ನಿಂತೆ. ಒಂದರಲ್ಲಿ ಬರೀ ಕೆಂಪು, ಮೇಲೊಂದು ಕರಿ ಚುಕ್ಕೆ.

“ಏನ್ರಿ ಇದು?”

“ಮೌನ.”

ಹೆಂಡತಿಯ ಮುಖ ನೋಡಿದೆ. ಬಣ್ಣ ಬರೋಬ್ಬರಿ ಹೊಂದುತ್ತಿತ್ತು.

ಆಹೇರಿ ಪಡೆದವರು ತಿರುಗಿ ಏನಾದರೂ ಕೊಡುವುದು ನಮ್ಮ ಕಡೆಯ ರೀತಿ. ತರುಣ ಆ ಚಿತ್ರವನ್ನೇ ಇಳಿಸಿ ಕೊಟ್ಟ. ಹೊರಗೆ ಬಂದ ಕೂಡಲೇ ನನ್ನಾಕೆ ಎಂದಳು: “ಇದನ್ನ ಕೊಡೂಣು, ನಡೀರಿ. ಮೌನ ಅಂತ ಮಾತ್ರ ಹೇಳಬ್ಯಾಡ್ರಿ, ಮದುವಿ ಮನಿ.”

೩. ನೋಡುವ ಬಗೆ

ಗೆಳೆಯ ಅದನ್ನು ಮೇಲೆ ಕೆಳಗೆ ಮಾಡಿದ. “ಭಾರಿ ಐತಿ! ಕುಂತು ನೋಡೂದೋ, ನಿಂತು ನೋಡೂದೋ?”

“ದೂರದಿಂದ,” ಎಂದೆ.

೪. ಸಂಚಾರ

ಆಹೇರಿಯ ಕುಬಸದ ಖಣಗಳು ಮಡಿಕೆ ಬಿಚ್ಚದೆ ಮನೆಯಿಂದ ಮನೆಗೆ ತಿರುಗುತ್ತವೆ. ಚಿತ್ರಕ್ಕೇನು ಬೇರೆ ಕಾನೂನೇ? ಮುಂಡಗೋಡಿನ ತೊಟ್ಟಿಲ ಕಾರ್ಯದಲ್ಲಿ ಅದನ್ನು ತಲೆಕೆಳಗಾಗಿ ಕಂಡೆ. ಜೋಯಿಡಾದ ನೆಂಟರ ಹೊಸ ಮನೆಯಲ್ಲಿ ಅಡ್ಡಡ್ಡ. ಕೊನೆಗೆ ನಮ್ಮ ಮಗಳ ಸೀಮಂತಕ್ಕೆ ಆ ಜೋಯಿಡಾದವರೇ ಹೊತ್ತು ತಂದರು.

“ನಿಮ್ಮ ಸಲುವಾಗಿ ಗೋವಾದಿಂದ ತರಿಸೇವ್ರಿ.”

ಗೋವಾ ಇಷ್ಟು ಹತ್ತಿರವಿದೆಯೆಂದು ಆ ದಿನ ತಿಳಿಯಿತು.

೫. ಹೆಸರು

ಮುಂದೆ ಆ ಚಿತ್ರಕಾರನೇ ಹುಡುಕಿಕೊಂಡು ಬಂದ. “ನನ್ನ ಮದುವಿರಿ. ಮೊದಲ ಆಹೇರಿ ಮಾಡಿದವರು ನೀವು, ತಪ್ಪಿಸಬ್ಯಾಡ್ರಿ.”

ಹೊರಡುವ ದಿನ ಬಂದ ಆಹೇರಿಗಳನ್ನು ಕೂಡಿಡುವ ಟ್ರಂಕಿನಲ್ಲಿ ಬೇರೇನೂ ಉಳಿದಿರಲಿಲ್ಲ. ನನ್ನಾಕೆ ಚಿತ್ರವನ್ನೇ ಎತ್ತಿಕೊಂಡಳು. ಬೇಡವೆಂದೆ.

“ಹಂಗಾರ ಬರಿಗೈಲೆ ಬರ್ಲೇನು?”

ಮಂಟಪದಲ್ಲಿ ಅವನು ಕಾಗದ ಬಿಚ್ಚಿದ. ಬಹಳ ಹೊತ್ತು ನೋಡಿದ. “ಅವ್ವಾರ, ಇದು…” ಎಂದು ಮೂಲೆಯಲ್ಲಿದ್ದ ತನ್ನ ಸಹಿಯ ಮೇಲೆ ಬೆರಳಿಟ್ಟ. ನಾನು ಬಸವಣ್ಣನನ್ನು ನೆನೆದೆ.

ಆಹೇರಿಯ ತಂಬಿಗೆಗೂ ವರನ ಹೆಸರು ಕೆತ್ತಿಸಿ ಕೊಡುವ ಮನೆತನದವಳು ನನ್ನಾಕೆ. ಅಂಜಲಿಲ್ಲ.

“ಹೂಂನಪಾ, ಹೆಸರೂ ನಿಂದ ಹಾಕಿಸೇವಿ, ನೋಡು!”