ನಮ್ಮ ಮಾವ ಕೊಂಡ ಸಮುದ್ರ

ನಮ್ಮ ಸೋದರಮಾವ ಸಮುದ್ರ ಕೊಂಡಿದ್ದರು ಎಂದರೆ ನೀವು ನಗುತ್ತೀರಿ. ನಗಿ, ಬೇಡವೆನ್ನುವುದಿಲ್ಲ. ಆದರೆ ಕೊಂಡದ್ದು ಮಾತ್ರ ನಿಜ. ಪತ್ರ ಆಗಿತ್ತು, ರಿಜಿಸ್ಟರ್ ಆಗಿತ್ತು, ಸರ್ಕಾರದ ಮೊಹರು ಬಿದ್ದಿತ್ತು. ಬಂಗಾಳ ಕೊಲ್ಲಿಯೆಲ್ಲ ತಮಗೇ ಬೇಕೆನ್ನುವಷ್ಟು ದುರಾಸೆ ಅವರಿಗೆ ಇರಲಿಲ್ಲ ಬಿಡಿ. ಮನೆಯ ಮುಂದೆ ಬರುವಷ್ಟು ಸಾಕು ಎಂದಿದ್ದರು!

ಹೊಸಪೇಟೆಯಲ್ಲಿ ಕೂತವರಿಗೆ ಸಮುದ್ರದ ಗೀಳು ಎಲ್ಲಿಂದ ಹತ್ತಬೇಕು ಹೇಳಿ? ಒಂದು ಕಡೆ ಸಂಡೂರಿನ ಗುಡ್ಡ, ಇನ್ನೊಂದು ಕಡೆ ಹಂಪಿಯ ಬಂಡೆ, ನಡುವೆ ಕಾಲುವೆ, ಭತ್ತ, ಬಾಳೆ. ಮಾವನಿಗೆ ಕಮಲಾಪುರದ ದಾರಿಯಲ್ಲಿ ಗದ್ದೆಗಳಿದ್ದವು, ಕಂಪ್ಲಿಯ ಹತ್ತಿರ ಕಬ್ಬಿನ ತೋಟವಿತ್ತು, ಪೇಟೆಯಲ್ಲಿ ಅಕ್ಕಿ ಗಿರಣಿ, ಗಿರಣಿಗೆ ಅಂಟಿಕೊಂಡಂತೆ ದೊಡ್ಡ ಮನೆ. ಮಕ್ಕಳಿರಲಿಲ್ಲ. ಮನೆಯಲ್ಲಿ ಅವರು, ಅತ್ತೆ, ಎರಡು ಎಮ್ಮೆ, ಮತ್ತು ಹೈಸ್ಕೂಲಿನಲ್ಲಿ ಪಾಠ ಹೇಳಿ ಊಟಕ್ಕೆ ಮಾತ್ರ ಅವರ ಮನೆಯನ್ನೇ ನೆಚ್ಚಿಕೊಂಡಿದ್ದ ಮದುವೆಯಾಗದ ಅಳಿಯನಾದ ನಾನು.

ಎಲ್ಲಕ್ಕೂ ಮೂಲ ಒಂದು ಕ್ಯಾಲೆಂಡರು. ಗಿರಣಿಗೆ ಎಂಜಿನ್ ಮಾರಿದವರು ಯಾವುದೋ ವರ್ಷ ಕಳಿಸಿದ್ದು. ಅದರಲ್ಲಿ ನೀಲಿ ಸಮುದ್ರ, ದಂಡೆಯ ಮೇಲೆ ಬಿಳಿ ಮನೆ, ಮನೆಯ ಪಡಸಾಲೆಯಲ್ಲಿ ಎರಡು ಬೆತ್ತದ ಕುರ್ಚಿ, ಕುರ್ಚಿಗಳಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರೂ ಏನೂ ಕೆಲಸ ಮಾಡುತ್ತಿರಲಿಲ್ಲ! ಮಾವನನ್ನು ಹಿಡಿದು ನಿಲ್ಲಿಸಿದ್ದು ಅದೇ. ವರ್ಷ ಮುಗಿದರೂ ಅದನ್ನು ಗೋಡೆಯಿಂದ ಇಳಿಸಲು ಬಿಡಲಿಲ್ಲ. ನಮ್ಮ ಗಿರಣಿಯಲ್ಲಿ ಆ ಡಿಸೆಂಬರು ಎಷ್ಟೋ ವರ್ಷ ನಡೆಯಿತು. ಭತ್ತ ಹಾಕಲು ಬಂದ ರೈತರು ತಾರೀಖು ನೋಡಿ ಗಾಬರಿಯಾಗಿ ಓಡುತ್ತಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಮಾವ ಗಿರಣಿಯ ಕಟ್ಟೆಯ ಮೇಲೆ ಕಾಲು ಚಾಚಿ, ಅರ್ಧ ಕಣ್ಣು ಮುಚ್ಚಿ, ಅಲ್ಲೇ ಅಕ್ಕಿ ಕೇರುತ್ತಿದ್ದ ಅತ್ತೆಗೆ ಕೇಳುವಂತೆ ಶುರು ಮಾಡುತ್ತಿದ್ದರು. ಎಂಜಿನ್ ತೂಕಡಿಸುತ್ತಾ ಗುಡುಗುಡು ಎನ್ನುತ್ತಿತ್ತು, ಗಾಳಿಯಲ್ಲಿ ತೌಡು ತೇಲುತ್ತಿತ್ತು, ಕಿಟಕಿಯಿಂದ ಬಿದ್ದ ಬಿಸಿಲಿನ ಪಟ್ಟಿಯಲ್ಲಿ ಅದು ಬಂಗಾರದ ಪುಡಿಯ ಹಾಗೆ ಹೊಳೆಯುತ್ತಿತ್ತು.

“ಇಕಾ ನೋಡು, ಆ ಕುರ್ಚ್ಯಾಗ ನೀನು, ಈ ಕುರ್ಚ್ಯಾಗ ನಾನು. ಮುಂದ ನೀರು. ಕಣ್ ಹಾಯಿಸಿದಷ್ಟೂ ನೀರ. ಹೊಳಿ ಹೋಗಿ ಹೋಗಿ ಎಲ್ಲಿ ಮುಟ್ಟತೈತಿ ಅಂತ ಇಬ್ರೂ ಕುಂತು ನೋಡಾಣ.”

“ಆ ಹೆಂಗಸಿಗೆ ಅಡಿಗಿ ಮಾಡಿಹಾಕಾವ್ರು ಯಾರದಾರಂತ ಕೇಳ್ರಿ ಮೊದ್ಲು,” ಎಂದು ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದರು. ಸಮುದ್ರದ ಮಾತನ್ನು ಅವರು ಒಮ್ಮೆಯೂ ಪೂರ್ತಿ ಕೇಳಿದವರಲ್ಲ. ಮಾವನಿಗೆ ಬೇಕಾಗಿದ್ದದ್ದು ಬರೀ ಸಮುದ್ರವಲ್ಲ, ಪಕ್ಕದ ಕುರ್ಚಿಯಲ್ಲಿ ಅತ್ತೆ. ಅದು ನಮಗೆಲ್ಲ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು, ಅದಕ್ಕೇ ಇನ್ನಷ್ಟು ನಾಚಿಕೆ.

ಅಷ್ಟರಲ್ಲಿ ಯುದ್ಧ ಬಂತು. ಜಪಾನಿನವರು ಮದರಾಸಿನ ಮೇಲೆ ಬಾಂಬು ಹಾಕುತ್ತಾರೆಂದು ಸುದ್ದಿ ಹಬ್ಬಿ, ಮದರಾಸಿಗೆ ಮದರಾಸೇ ಗಂಟುಮೂಟೆ ಕಟ್ಟಿತು. ರೈಲಿನ ಮೇಲೆ, ಕೆಳಗೆ, ಬಾಗಿಲಲ್ಲಿ ಜನ. ನಮ್ಮೂರಿನಲ್ಲಿ ದನದ ಕೊಟ್ಟಿಗೆಗೂ ಬಾಡಿಗೆ ಬಂತು! ಅಲ್ಲಿ ಸಮುದ್ರದ ಬದಿಯಲ್ಲಿ ಜಡ್ಜುಗಳು, ಬ್ಯಾರಿಸ್ಟರುಗಳು ಕಟ್ಟಿಸಿಕೊಂಡ ಬಂಗಲೆಗಳನ್ನು ಕೇಳುವವರಿಲ್ಲವಂತೆ, ಎತ್ತಿನ ಜೋಡಿಯ ಬೆಲೆಗೆ ಕೊಟ್ಟು ಹೋಗುತ್ತಿದ್ದಾರಂತೆ ಎಂದು ಯಾರೋ ಅಂದರು. ಮಾವ ಕಟ್ಟೆಯಿಂದ ಇಳಿದು ಚಪ್ಪಲಿ ಮೆಟ್ಟಿದರು.

“ರೇಟು ಬಿದ್ದಾಗ ತಗೋಬೇಕಲೇ ಅಳಿಯಾ. ಭತ್ತ ಆದ್ರೇನು, ಮನಿ ಆದ್ರೇನು?”

“ಭತ್ತದ ಮ್ಯಾಲೆ ಬಾಂಬು ಬೀಳಂಗಿಲ್ಲ!” ಅತ್ತೆ ಒಳಗಿನಿಂದಲೇ ಅಂದರು.

“ಬಿದ್ರ ಬೀಳ್ಲಿ. ಮನಿ ಹೋದ್ರೂ ಸಮುದ್ರ ಎಲ್ಲಿಗೆ ಹೋಗ್ತೈತಿ?”

ಈ ವಾದಕ್ಕೆ ಬ್ಯಾರಿಸ್ಟರೂ ಉತ್ತರ ಕೊಡಲಾರ. ಕಂಪ್ಲಿಯ ತೋಟ ಮಾರಾಟವಾಯಿತು. ಇಂಗ್ಲಿಷು ಬಲ್ಲವನೆಂಬ ತಪ್ಪಿಗೆ ನನ್ನನ್ನು ಜೊತೆಗೆ ಎಳೆದುಕೊಂಡು ಮಾವ ಹೊರಟರು.

ಗುಂತಕಲ್ಲಿನಲ್ಲಿ ಗಾಡಿ ಬದಲಿಸಬೇಕು. ಎದುರಿನಿಂದ ಬಂದ ಗಾಡಿ ಜೇನುಹುಟ್ಟಾಗಿತ್ತು. ಮದರಾಸಿನ ಕಡೆಯ ನಮ್ಮ ಡಬ್ಬಿಯಲ್ಲಿ ನಾವಿಬ್ಬರೇ. ಮಾವ ಒಂದೊಂದು ಹಲಗೆಯ ಮೇಲೂ ಸ್ವಲ್ಪ ಸ್ವಲ್ಪ ಹೊತ್ತು ಮಲಗಿ ಯಾವುದು ಮೆತ್ತಗಿದೆ ಎಂದು ಪರೀಕ್ಷೆ ಮಾಡಿದರು. ಯಾವುದೋ ಸ್ಟೇಷನ್ನಿನಲ್ಲಿ ಒಬ್ಬ ತಾಯಿ ನಮ್ಮನ್ನು ನೋಡಿ ಕಣ್ಣೀರು ಹಾಕಿ ಪುಳಿಹೋರದ ಪೊಟ್ಟಣ ಕೊಟ್ಟಳು. ಮದರಾಸಿಗೆ ಹೋಗುತ್ತಿರುವವರೆಂದರೆ ಯಾರದೋ ಹೆಣ ತರಲಿಕ್ಕೇ ಇರಬೇಕೆಂದುಕೊಂಡಿದ್ದಳು ಪಾಪ! ಮಾವ ಅಷ್ಟೇ ದುಃಖದ ಮುಖ ಮಾಡಿ ಇನ್ನೊಂದು ಪೊಟ್ಟಣವನ್ನೂ ಇಸಿದುಕೊಂಡರು.

ನಾವು ನೋಡಬೇಕಾಗಿದ್ದ ಮನೆ ಮದರಾಸಿನ ದಂಡೆಯ ಸಾಂತೋಮಿನ ಕಡೆ ಇತ್ತು. ಬಿಳಿ ಸುಣ್ಣ, ಕೆಂಪು ಹೆಂಚು, ಮುಂದೆ ಪಡಸಾಲೆ. ಬೀದಿಯೆಲ್ಲ ಖಾಲಿ, ಗೇಟುಗಳಿಗೆ ಬೀಗ. ಯಾರದೋ ತೋಟದಲ್ಲಿ ಹೂಗಳು ತಮ್ಮ ಪಾಡಿಗೆ ಅರಳಿ ಉದುರುತ್ತಿದ್ದವು. ಆ ನಿಶ್ಶಬ್ದದ ಆಚೆ ಏನೋ ಒಂದು ದೊಡ್ಡದು ಉಸಿರಾಡುತ್ತಿತ್ತು. ಮಾವ ನನ್ನ ತೋಳು ಹಿಡಿದು, “ಗಿರಣಿ ಐತೇನಲೇ ಇಲ್ಲಿ?” ಎಂದರು. ಆಮೇಲೆ ತಿರುವಿನಾಚೆ ಅದನ್ನು ಕಂಡರು. ಬಿಸಿಲು ಇಳಿಯುತ್ತಿತ್ತು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಮಾವ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ನಿಂತೇಬಿಟ್ಟರು.

ಮನೆಯೊಡೆಯರು ಮುದುಕರಾದ ಒಬ್ಬ ತೆಲುಗು ವಕೀಲರು. ನಮ್ಮ ಕಡೆಯವರಿಗೆ ತೆಲುಗು ಬಾರದ್ದೇನು, ಮಾತಿಗೆ ತೊಂದರೆಯಾಗಲಿಲ್ಲ. ಅವರು ಮನೆಯ ತೊಲೆ, ಕಂಬ, ಮಹಡಿ ತೋರಿಸಲು ಹೊರಟರೆ ಮಾವ ನೆಟ್ಟಗೆ ದಂಡೆಗೆ ಇಳಿದರು. ನಮ್ಮ ಕಡೆ ಹೊಲಮನೆ ಕೊಳ್ಳುವವರು ಮೊದಲು ನೀರು ಕುಡಿದು ನೋಡುತ್ತಾರೆ. ಗೋಡೆ ಕೆಟ್ಟರೆ ಕಟ್ಟಿಸಬಹುದು, ನೀರು ಕೆಟ್ಟರೆ ಏನು ಮಾಡುತ್ತೀರಿ? ಬೇಡ ಮಾವ ಬೇಡ ಎನ್ನುವುದರೊಳಗೆ ಬೊಗಸೆ ತುಂಬಿ ಕುಡಿದೇಬಿಟ್ಟರು! ಆ ಮುಖವನ್ನು ನೀವು ನೋಡಬೇಕಿತ್ತು. ಉಗುಳಿ, ಕೆಮ್ಮಿ, ಮೂಗು ಒರೆಸಿಕೊಂಡು, ಮುಗುಳ್ನಕ್ಕು ಹೇಳಿದರು: “ಇರ್ಲಿ. ಊರಿನ ಬೆವರೆಲ್ಲ ಹೊಳ್ಯಾಗ ಹರದು ಇಲ್ಲಿಗೇ ಬಂದೈತಿ, ಉಪ್ಪಾಗದೆ ಏನಾದೀತು?”

ಅಷ್ಟಕ್ಕೇ ಮುಗಿಯಲಿಲ್ಲ. “ಇಲ್ಲಿ ನೀರುಗಂಟಿ ಯಾರ್ರಿ?” ಎಂದು ವಕೀಲರನ್ನು ಕೇಳಿದರು.

ನೀರುಗಂಟಿಯೆಂದರೆ ಕಾಲುವೆಯ ನೀರನ್ನು ಗದ್ದೆಗದ್ದೆಗೆ ಪಾಳಿಯಂತೆ ಹಂಚುವವನು. ಅವನ ಸನಿಕೆಯ ಏಟಿಗೆ ನಮ್ಮೂರಿನ ಸಾಹುಕಾರರೂ ಹೆದರುತ್ತಾರೆ. ವಕೀಲರು ನನ್ನ ಮುಖ ನೋಡಿದರು, ನಾನು ಸಮುದ್ರದ ಮುಖ ನೋಡಿದೆ.

“ನಮ್ಮ ಪಾಳಿ ಯಾವ ವಾರ ಬರ್ತೈತಿ? ನೋಡ್ರಿ, ಈಗ ನೀರು ಬಂತು. ಈಗ ಹಿಂದಕ್ಕ ಹೋತು. ಯಾರೋ ತೂಬು ಮುಚ್ಚಾಕತ್ಯಾರ! ನಾಳೆ ಬಾಜೂ ಮನಿಯಾವ ಬಂದು ಇದು ನಂದು ಅಂದ್ರ?”

ಮಾವ ದಡ್ಡರಲ್ಲ. ಆದರೆ ಹುಟ್ಟಿದಾಗಿನಿಂದ ಅವರು ಕಂಡ ನೀರಿಗೆಲ್ಲ ಒಬ್ಬ ಒಡೆಯ, ಒಂದು ಪಾಳಿ, ಒಂದು ಜಗಳ ಇತ್ತು. ಯಾರದೂ ಅಲ್ಲದ ನೀರು ಇಷ್ಟೊಂದು ಇರಬಹುದೆಂದು ನಂಬುವುದು ಹೇಗೆ? ವಕೀಲರು ಬಹಳ ದಿನದ ಮೇಲೆ ನಕ್ಕಿರಬೇಕು. ನಗು ಅರ್ಧಕ್ಕೇ ಕೆಮ್ಮಾಯಿತು. ಕ್ರಯಪತ್ರದಲ್ಲಿ “ಮುಂದಿನ ನೀರಿನ ಹಕ್ಕು ಸಮೇತ” ಎಂದು ತಾವೇ ಬರೆಸಿದರು. ನಾನು ಓದಿ ಹೇಳಿದೆ. ಮಾವ ಸಮಾಧಾನದಿಂದ ಸಹಿ ಹಾಕಿದರು. ಹೀಗೆ ಸಮುದ್ರ ನಮ್ಮದಾಯಿತು!

ಕೀಲಿಕೈ ಕೊಡುವಾಗ ವಕೀಲರ ಹೆಂಡತಿ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದರು. “ಎಲ್ಲಿಗೆ ಹೋಗ್ತೀರಿ ಇನ್ನ?” ಮಾವ ಕೇಳಿದರು. ಆ ಇಬ್ಬರಿಗೆ ಹೋಗುವುದಕ್ಕೆ ಊರಿಲ್ಲ, ಕರೆಯುವುದಕ್ಕೆ ಮಕ್ಕಳಿಲ್ಲ. ಮಾವ ತಲೆ ಕೆರೆದುಕೊಂಡರು. “ನಮ್ಮನ್ಯಾಗ ಮಾಳಿಗಿ ಮ್ಯಾಲೆ ಎರಡು ಖೋಲಿ ಖಾಲಿ ಅದಾವ. ನಡೀರಿ.”

ಮನೆ ತರಲು ಹೋದ ಗಂಡ ಮನೆಯೊಡೆಯರನ್ನೇ ತಂದಿದ್ದನ್ನು ಕಂಡು ಅತ್ತೆ ಬಾಗಿಲಲ್ಲೇ ನಿಂತರು. “ಬರ್ರೀ ಅವ್ವಾ, ಕುಂದ್ರಿ, ಕಾಲಿಗೆ ನೀರು ತಗೋರಿ,” ಎಂದು ಮುದುಕಿಯನ್ನು ಒಳಗೆ ಕರೆದರು. ಆಮೇಲೆ ಮಾವನ ಕಡೆ ತಿರುಗಿ ಮೆಲ್ಲಗೆ, “ಸಮುದ್ರ ಒಂದ ಬಿಟ್ಟು ಬಂದ್ರಲ್ಲ, ಅದನ್ನೂ ಹೊತ್ಕೊಂಡು ಬರಬೇಕಿತ್ತು,” ಎಂದರು.

ಅವತ್ತಿನಿಂದ ಎಲ್ಲ ಅದಲುಬದಲಾಯಿತು. ಸುಗ್ಗಿ ಮುಗಿದರೆ ಸಾಕು, ಮಾವ ಮದರಾಸಿಗೆ ಹೋಗಿ ಪಡಸಾಲೆಯಲ್ಲಿ ಒಂದು ಕುರ್ಚಿಯಲ್ಲಿ ಕೂತಿರುತ್ತಿದ್ದರು, ಇನ್ನೊಂದು ಖಾಲಿ. ಇಲ್ಲಿ ವಕೀಲರು ಗಿರಣಿಯ ಕಟ್ಟೆಯ ಮೇಲೆ ಕೂತು ರೈತರ ಬದು ಜಗಳ ತೀರಿಸುತ್ತಿದ್ದರು. ಅವರ ಹೆಂಡತಿ, ಗಿರಣಿಯ ಸದ್ದು ಅಲೆಯ ಸದ್ದಿನಂತೆ ಕೇಳುತ್ತದೆಂದು, ಗೋಡೆಗೆ ತಲೆ ಹಚ್ಚಿ ಮಧ್ಯಾಹ್ನ ಮಲಗುತ್ತಿದ್ದರು. ಎಂಜಿನ್ ನಿಂತರೆ ಎಚ್ಚರ! ಆ ಮುದುಕಿ ಮಲಗಿರಲೆಂದು ಅತ್ತೆ ಭತ್ತವಿಲ್ಲದಾಗಲೂ ಎಂಜಿನ್ ಓಡಿಸಲು ಹೇಳುತ್ತಿದ್ದರೆಂಬುದು ಮಾವನಿಗೆ ಗೊತ್ತಾಗಿ, ಎಣ್ಣೆ ದಂಡವಾಯಿತೆಂದು ಮುನಿಸಿಕೊಂಡು ಒಂದು ದಿನ ಊಟ ಬಿಟ್ಟರು.

ಮಾವ ಬಂದಾಗಲೆಲ್ಲ ಅತ್ತೆಯನ್ನು ಕಾಡುತ್ತಿದ್ದರು. “ನಡಿ ಈ ಸಲ. ಮುಂಜಾನಿ ಸೂರ್ಯ ನೀರಾಗಿಂದ ಎದ್ದು ಬರ್ತಾನ…”

“ಬಂದ್ರ ಬರ್ಲಿ. ಇಲ್ಲಿ ಮಂದಿ ಬಿಟ್ಟು ಬರಾಕಾಗ್ತೈತೇನು?”

ಹೀಗೇ ಎಷ್ಟು ಸಲ! ಕೊನೆಗೆ ಯುದ್ಧದ ಭಯ ಇಳಿಯಿತು. ಮದರಾಸಿಗೆ ಜನ ಹಿಂತಿರುಗಿದರು, ಸಮುದ್ರದ ಬದಿಯ ಮನೆಗಳ ಬೆಲೆ ಗಗನಕ್ಕೇರಿತು. ನಕ್ಕಿದ್ದ ಪೇಟೆಯವರೇ ಮಾವನ ಬುದ್ಧಿಯನ್ನು ಹೊಗಳಲು ಬಂದು ಕಾಫಿ ಕುಡಿದು ಹೋದರು. ದಲ್ಲಾಳಿಗಳು ಹೊಸಪೇಟೆಯವರೆಗೂ ಬಂದರು. ಮಾವ ಯಾರಿಗೂ ಸೊಪ್ಪು ಹಾಕಲಿಲ್ಲ. ಏಕೆಂದರೆ ಆಗಲೇ ಪವಾಡವೊಂದು ನಡೆದಿತ್ತು: ಅತ್ತೆ “ಹೂಂ” ಎಂದಿದ್ದರು! ಟ್ರಂಕು ತುಂಬಿಕೊಂಡಿದ್ದರು, ಶೇಂಗಾ ಹೋಳಿಗೆ ಮಾಡಿ ಕಟ್ಟಿಕೊಂಡಿದ್ದರು, ಎಮ್ಮೆಗಳನ್ನು ನೆರೆಯವರಿಗೆ ಒಪ್ಪಿಸಿದ್ದರು. ಮಾವ ಹೊಸ ವರನಂತೆ ಓಡಾಡುತ್ತಿದ್ದರು.

ಹೊರಡುವ ಹಿಂದಿನ ದಿನ ವಕೀಲ ದಂಪತಿಗಳು ತಾವೂ ಹೊರಟುನಿಂತರು. ಮದರಾಸಿನ ಯಾವುದೋ ಗಲ್ಲಿಯಲ್ಲಿ ಒಂದು ಬಾಡಿಗೆ ಕೋಣೆ ಗೊತ್ತು ಮಾಡಿಕೊಂಡಿದ್ದರಂತೆ. ಮನೆಯಿಂದ ಹೊರಡುವ ಮುತ್ತೈದೆಯನ್ನು ಹಾಗೇ ಕಳಿಸುವುದುಂಟೆ? ಅತ್ತೆ ಮುದುಕಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಲು ನಿಂತರು. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಕುಪ್ಪಸದ ಖಣ. “ಇದು ನಿಮ್ಮ ತವರುಮನಿ ಅಂತ ತಿಳೀರಿ,” ಎಂದರು. ಮಗಳ ವಯಸ್ಸು ತಾಯಿಗಿಂತ ಹೆಚ್ಚಾಗಿತ್ತು, ಇರಲಿ.

ಮುದುಕಿ ಅಳಲಿಲ್ಲ. ಮಾವನ ಕಡೆ ತಿರುಗಿ ಮೆಲ್ಲಗೆ ತೆಲುಗಿನಲ್ಲಿ ಹೇಳತೊಡಗಿದರು: “ಮಳೆಗಾಲದಲ್ಲಿ ಮೂಡಲ ಕಿಟಕಿ ಬಿಗಿಯುತ್ತದಪ್ಪಾ. ಜಗ್ಗಬೇಡ, ಸ್ವಲ್ಪ ಮೇಲಕ್ಕೆತ್ತಿ ನೂಕು, ತೆಗೆದುಕೊಳ್ಳುತ್ತದೆ. ಹಿತ್ತಲ ಮಲ್ಲಿಗೆಗೆ ಅಕ್ಕಿ ತೊಳೆದ ನೀರು ಹಾಕಿಸು, ಬಾವಿಯ ನೀರು ಅದಕ್ಕೆ ಆಗದು. ಅಡಿಗೆಮನೆಯ ಮೂಲೆಯಲ್ಲಿ ಒಂದು ಗುಬ್ಬಿಗೂಡಿದೆ, ಸುಣ್ಣ ಬಳಿಯುವವರು ತೆಗೆದುಹಾಕಿಯಾರು, ನೋಡಿಕೋ.” ಕೂಸನ್ನು ಬೇರೆಯವರ ಕೈಗೆ ಕೊಡುವವರು ಹೀಗೆಯೇ ಹೇಳುತ್ತಾರೆ.

ಮಾವ ಗೋಡೆಯ ಕಡೆ ಮುಖ ಮಾಡಿ ನಿಂತರು. ಅಂಗಿ ಎತ್ತಿ ಉಡಿದಾರದ ಗಂಟನ್ನು ಬಿಚ್ಚತೊಡಗಿದರು. ಕೊಂಡ ದಿನದಿಂದ ಆ ಮನೆಯ ಕೀಲಿಕೈ ಅಲ್ಲೇ ಇತ್ತು, ಸ್ನಾನಕ್ಕೂ ತೆಗೆದದ್ದಿಲ್ಲ. ಗಂಟು ಬಿಗಿದುಹೋಗಿತ್ತು, ಹಲ್ಲು ಕಚ್ಚಿ ಜಗ್ಗಿ ತೆಗೆದರು. ಬಂದು ಮುದುಕಿಯ ಮಡಿಲಿನ ಅಕ್ಕಿಯ ಮೇಲೆ ಅದನ್ನು ಇಟ್ಟರು.

ನನಗೆ ಮೈಯೆಲ್ಲ ಉರಿಯಿತು. ಇದೇನು ಮಾವ, ಅಂಥ ಬೆಲೆಯ ಮನೆ ಎಂದು ಕೂಗಬೇಕೆನ್ನಿಸಿತು. ವಕೀಲರು ಕಾನೂನು ಹೇಳಲು ಹೋದರು. “ಉಡ್ಯಾಗ ಬಿದ್ದದ್ದು ಯಾವ ಕೋರ್ಟೂ ತಿರುಗಿ ಕೇಳಂಗಿಲ್ರಿ,” ಎಂದರು ಮಾವ. “ನಾನು ಕೊಟ್ಟ ರೊಕ್ಕ ನಿಮ್ಮ ಕೈಗೆ ಆದಾಗ ಕೊಡ್ರಿ. ಹೆಚ್ಚಿಗಿ ಒಂದು ಬಿಲ್ಲಿ ಬ್ಯಾಡ.” ಅತ್ತೆ ಗಂಡನ ಮುಖವನ್ನೊಮ್ಮೆ ನೋಡಿದರು. ಇನ್ನೊಂದು ಬೊಗಸೆ ಅಕ್ಕಿ ಹಾಕಿ ಕೀಲಿಕೈಯನ್ನು ಮುಚ್ಚಿದರು.

ಸಂಜೆಯ ಗಾಡಿಗೆ ಅವರನ್ನು ಹತ್ತಿಸಿ ಬಂದೆವು. ತುಂಬಿದ ಟ್ರಂಕು ಪಡಸಾಲೆಯಲ್ಲಿ ಹಾಗೇ ಇತ್ತು. ಮಾವ ಹಿತ್ತಲ ಕಟ್ಟೆಯ ಮೇಲೆ ಕೂತರು. ಎದುರಿಗೆ ಕಾಲುವೆ ಸದ್ದಿಲ್ಲದೆ ಹರಿಯುತ್ತಿತ್ತು, ಅದರಾಚೆ ಭತ್ತದ ಹಸಿರು ಕತ್ತಲಲ್ಲಿ ಕರಗುತ್ತಿತ್ತು. ಅತ್ತೆ ಬಂದರು. ನನ್ನೆದುರು ಎಂದೂ ಗಂಡನ ಸರಿಸಮ ಕೂರದವರು ಆ ದಿನ ಪಕ್ಕದಲ್ಲೇ ಕೂತರು.

“ಸಮುದ್ರ ಹೆಂಗೈತ್ರೀ? ಹೇಳ್ರಿ. ಇವತ್ತ ಪೂರಾ ಕೇಳ್ತೀನಿ.”

ವರ್ಷಗಟ್ಟಲೆ ಅದೊಂದನ್ನೇ ಮಾತಾಡಿದ ಮನುಷ್ಯ ಕಾಲುವೆಯ ಕಡೆ ನೋಡಿದರು.

“ಏನಂತ ಹೇಳ್ಲಿ?” ಎಂದರು. “ಬಾಜೂಕ ನೀ ಇರ್ಲಿಲ್ಲ. ನನಗ ಅದು ಸರಿಯಾಗಿ ಕಾಣಸ್ಲೇ ಇಲ್ಲ.”