ಮೂವತ್ತು ನಿಮಿಷದ ಕಪ್ಪು

2023ನೇ ಇಸವಿ ನವೆಂಬರ್ 17, ಶುಕ್ರವಾರ, ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಶಶಿಧರ ತಲೆಗೆ ಕಪ್ಪು ಬಣ್ಣ ಬಳಿದು ಮುಗಿಸಿ, ಮೊಬೈಲಿನಲ್ಲಿ ಮೂವತ್ತು ನಿಮಿಷದ ಅಲಾರಂ ಇಟ್ಟ. ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಅಳೆದು ತೂಗಿ ಕೆಲಸ ಮಾಡಿದವನು. ಪೊಟ್ಟಣದ ಸೂಚನೆಯನ್ನು ಎರಡು ಸಲ ಓದಿಯೇ ಕೈ ಹಚ್ಚಿದ್ದ. ಮೂವತ್ತು ನಿಮಿಷ ಮೀರಿದರೆ ಬಣ್ಣ ಚರ್ಮಕ್ಕೂ ಇಳಿಯುತ್ತದೆ ಎಂದು ಅದರಲ್ಲಿ ಬರೆದಿತ್ತು.

ಇದೇನೂ ಶೋಕಿಗಲ್ಲ. ಹತ್ತು ಗಂಟೆಗೆ ಮಗಳು ಮೃದುಲಾಳನ್ನು ನೋಡಲು ಕಾರವಾರದ ಗಂಡಿನವರು ಬರುವವರಿದ್ದರು. ಸಂಬಂಧ ತಂದವರು ಗೋವೆಯ ಮ್ಹಾಪಸೆ ಊರಿನ ಇದೇ ಕಟ್ಟಡದ ಮೂರನೇ ಮಹಡಿಯ ಯಮುನಾಬಾಯಿ, ಹುಡುಗನ ಸೋದರತ್ತೆ. ಅವರೇ ಮೊನ್ನೆ ಶಶಿಧರನ ತಲೆ ನೋಡಿ ಹೇಳಿದ್ದರು: "ನಮ್ಮ ತಮ್ಮ ದಿಗಂಬರ, ಹುಡುಗನ ತಂದಿ, ಭಾಳ ಠಾಕಠೀಕ ಮನಷ್ಯಾ ನೋಡ್ರಿ. ನೀವು ಹಿಂಗ ಬಾಗಿಲದಾಗ ನಿಂತ್ರ ಹುಡುಗಿ ಅಜ್ಜ ಅಂತ ತಿಳದು ಕಾಲಿಗೆ ಬಿದ್ದಾನು."

7:40ಕ್ಕೆ ಅಲಾರಂ ಬಡಿಯಿತು. ಶಶಿಧರ ಬಚ್ಚಲಿನ ನಲ್ಲಿ ತಿರುಗಿಸಿದ. ನಲ್ಲಿ ದಮ್ಮಿನ ರೋಗಿಯಂತೆ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ತಾರಸಿಯ ಮೇಲೆ ನೀರಿನ ಟಾಕಿ ತಿಕ್ಕುವ ಸದ್ದು ಕೇಳಿ ಅವನಿಗೆ ನೆನಪಾಯಿತು. ಟಾಕಿ ತೊಳೆಯುವವರನ್ನು ಈ ದಿನಕ್ಕೆ ಕರೆಸಿದವನು ಅವನೇ, ಕಟ್ಟಡದ ಸೊಸೈಟಿಯ ಸೆಕ್ರೆಟರಿ. ಎಲ್ಲರೂ ನೀರು ತುಂಬಿಕೊಳ್ಳಲಿ ಎಂದು ನೋಟೀಸನ್ನೂ ಬರೆದಿದ್ದ. ಮೂರು ಸಲ ತಿದ್ದಿ, ಸಹಿ ಮಾಡಿ, ಅಂಟಿಸಬೇಕೆಂದು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ. ಅಂಗಿ ಬಾಗಿಲ ಹಿಂದೆ ಗೂಟಕ್ಕೆ ತೂಗುತ್ತಿತ್ತು. ನೋಟೀಸು ಅದರೊಳಗೇ ಇತ್ತು. ಹನ್ನೊಂದರ ತನಕ ಇಡೀ ಕಟ್ಟಡಕ್ಕೆ ಹನಿ ನೀರಿಲ್ಲ.

ಅಡುಗೆಮನೆಯಲ್ಲಿದ್ದ ಕೊಡದ ನೀರೆಲ್ಲ ಶಿರಾ, ಉಪ್ಪಿಟ್ಟು, ಪಾತ್ರೆಗಳಿಗೆ ಮುಗಿದಿತ್ತು. ಗಂಡನ ಹಣೆಯ ಮೇಲೆ ಇಳಿಯುತ್ತಿದ್ದ ಕಪ್ಪು ಗೆರೆ ನೋಡಿ ಪ್ರತಿಮಾ ಸೌಟು ಕೆಳಗಿಟ್ಟಳು. "ಜಲ್ದಿ ಏನರ ಮಾಡ್ರಿ. ಇನ್ನ ಸ್ವಲ್ಪ ಹೊತ್ತಿಗೆ ನೀವು ಬೋಳು ತಲಿಗೆ ಬಣ್ಣಾ ಹಚ್ಚಿಕೊಂಡಂಗ ಕಾಣತೀರಿ."

ತಲೆಗೆ ಟವೆಲ್ಲು ಸುತ್ತಿ ಶಶಿಧರ ಬಾಗಿಲು ಬಾಗಿಲಿಗೆ ಹೋದ. ಮೆಟ್ಟಿಲ ಮೇಲೆ ಸಭೆಯೇ ನೆರೆದಿತ್ತು. ನೋಟೀಸು ಹಚ್ಚದ ಸೆಕ್ರೆಟರಿಗೆ ಮಂಗಳಾರತಿ ನಡೆದಿತ್ತು. ಅವನನ್ನು ಕಂಡದ್ದೇ ಬೈಗುಳ ನಿಂತು ಉಪದೇಶ ಶುರುವಾಯಿತು. ಕೆಳಮನೆಯ ರೂಪಿಬಾಯಿ ಮಜ್ಜಿಗೆಯಲ್ಲಿ ತೊಳೆಯಬೇಕೆಂದಳು. ಇನ್ನೊಬ್ಬರು ಎಳನೀರು ತರಿಸಲು ಹೇಳಿದರು. ಎದುರು ಮನೆಯ ಹುಸೇನಬಿ ಅವನ ಕಿವಿಯನ್ನು ಹಿಡಿದು ಬೆಳಕಿಗೆ ತಿರುಗಿಸಿ, "ಇದು ಆಗಲೇ ಬದನೀಕಾಯಿ ಆಗೇತಿ" ಎಂದು ವರದಿ ಒಪ್ಪಿಸಿದಳು. ಆದರೂ ಆಕೆಯೇ ಫ್ರಿಜ್ಜಿನ ಬಾಟಲಿಗಳನ್ನು ಕೊಟ್ಟಳು. ರೂಪಿಬಾಯಿ ಒಂದು ಹಂಡೆಯ ತಳ ಬಗ್ಗಿಸಿದಳು. ಅಲ್ಲೊಂದು ತಂಬಿಗೆ, ಇಲ್ಲೊಂದು ಲೋಟ ಸೇರಿ ಬಕೆಟ್ಟಿನಲ್ಲಿ ಒಂಬತ್ತು ಲೀಟರ್ ಆಗುವಾಗ 8:20.

ಮೊದಲ ಚೊಂಬು ಎತ್ತಿದ್ದ, ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಹುಸೇನಬಿ ನಿಂತಿದ್ದಳು. ಅವಳ ಹಿಂದೆ ತಲೆಗೆ ಟವೆಲ್ಲು ಸುತ್ತಿದ ಗೃಹಸ್ಥರೊಬ್ಬರು. ಅವರ ಹಣೆಯಿಂದಲೂ ಕಪ್ಪು ಗೆರೆ ಇಳಿಯುತ್ತಿತ್ತು.

"ಇವರು ಯಮುನಾಬಾಯಿ ತಮ್ಮಾರ್ರಿ, ಕಾರವಾರದಿಂದ ಬಂದಾರ. ನೀರು ಈ ಮನಿಯಾಗಷ್ಟೇ ಅದಾವಂತ ನಾನ ಕರಕೊಂಡು ಬಂದೆ" ಎಂದು ಹೇಳಿ ಹುಸೇನಬಿ ಪುಣ್ಯ ಕಟ್ಟಿಕೊಂಡವಳಂತೆ ಹೊರಟುಹೋದಳು.

ಇದು ಯಾರ ಮನೆಯೆಂದು ದಿಗಂಬರರಿಗೆ ಗೊತ್ತಿರಲಿಲ್ಲ. "ಅಕ್ಕ ಬಾಜಾರಕ್ಕ ಹೋಗ್ಯಾಳ್ರಿ" ಎಂದು ಅವರು ಸಂಕೋಚದಿಂದ ಹೇಳಿದರು. "ಹುಡುಗಿ ತಂದಿ ಭಾಳ ಠಾಕಠೀಕ ಮನಷ್ಯಾ, ಹಿಂಗ ಹೋಗಬ್ಯಾಡ ಅಂದ್ಲು. ಅದಕ್ಕ ಹಚಗೊಂಡೆ."

ಗಂಡಿನ ಕಡೆಯವರು ಹೊಸ್ತಿಲಿಗೆ ಬಂದರೆ ಮೊದಲು ನೀರು ಕೊಡಬೇಕು. ಹುಟ್ಟೂರು ಧಾರವಾಡದ ಆ ಪದ್ಧತಿಯನ್ನು ಶಶಿಧರ ಎಂದೂ ತಪ್ಪಿದವನಲ್ಲ. ಪ್ರತಿಮಾ ಕಣ್ಣಲ್ಲೇ ಅಪ್ಪಣೆ ಕೊಟ್ಟಳು. ದಿಗಂಬರರು ಬಚ್ಚಲಲ್ಲಿ ಬಗ್ಗಿದರು. ಶಶಿಧರ ತನ್ನ ತಲೆ ಚುರುಗುಡುತ್ತಿದ್ದರೂ ಚೊಂಬಿನ ಮೇಲೆ ಚೊಂಬು ಸುರಿದ.

"ಈ ಕಟ್ಟಡದ ಸೆಕ್ರೆಟರಿ ಯಾವನ್ರಿ?" ದಿಗಂಬರರು ನೊರೆಯೊಳಗಿಂದ ಕೇಳಿದರು. "ಒಂದು ನೋಟೀಸ ಹಚ್ಚಲಿಲ್ಲ. ಅಂಥವನ ಮನಿಂದ ಹೆಣ್ಣು ತರಬಾರದು ನೋಡ್ರಿ."

ಶಶಿಧರ ಇನ್ನೊಂದು ಚೊಂಬು ಸುರಿದ.

ತಲೆ ಒರೆಸಿಕೊಂಡ ದಿಗಂಬರರು ಕಿವಿಯ ಕಪ್ಪು ತಿಕ್ಕಲು ಒಂದು ರದ್ದಿ ಕಾಗದ ಕೇಳಿದರು. ನೋಟೀಸಿನ ಕತೆ ತಿಳಿಯದ ಪ್ರತಿಮಾ ಗೂಟದ ಅಂಗಿಯ ಜೇಬಿಗೆ ಕೈ ಹಾಕಿ, ಮಡಿಚಿದ ಕಾಗದವೊಂದನ್ನು ತೆಗೆದುಕೊಟ್ಟಳು. ಅವರು ಬಿಡಿಸಿದರು. ಓದಿದರು. ಕೊನೆಯ ಸಾಲನ್ನು ಮೆಲ್ಲಗೆ ಬಾಯಿಬಿಟ್ಟು ಓದಿದರು: "ಶಶಿಧರ, ಸೆಕ್ರೆಟರಿ."

ನಂತರ ತಲೆಯೆತ್ತಿ ಕೇಳಿದರು, "ಮೃದುಲಾನ ತಂದಿಯವರು... ನೀವ ಏನ್ರಿ?"

ಶಶಿಧರ ಹೌದೆಂದು ತಲೆಯಾಡಿಸಿದ. ಟವೆಲ್ಲಿನಿಂದ ಒಂದು ಕಪ್ಪು ಹನಿ ಮೂಗಿನ ತುದಿಗಿಳಿದು ನೆಲಕ್ಕೆ ಬಿತ್ತು.

ಆಗ 8 ಗಂಟೆ 41 ನಿಮಿಷ. ಬಕೆಟ್ಟಿನಲ್ಲಿ ಉಳಿದ ನೀರನ್ನು ಅವನು ಆಮೇಲೆ ಅಡುಗೆಮನೆಯ ಅಳತೆಯ ಪಾತ್ರೆಗೆ ಬಗ್ಗಿಸಿ ನೋಡಿದ: ಅವನ ತಲೆಗೆ ಉಳಿದದ್ದು 240 ಮಿಲಿಲೀಟರ್.