ಮೂಗಣ್ಣನ ಹಳೆಯ ಮಾಲೀಕರು

ಮಹಾಲಕ್ಷ್ಮಿಗೆ ಸವತಿ ಇರಲಿಲ್ಲ. ಇದ್ದಿದ್ದರೆ ಜಗಳವಾಡುವುದಕ್ಕಾದರೂ ಮನೆಯಲ್ಲಿ ಒಂದು ಜನ ಆಗುತ್ತಿತ್ತು. ಇದ್ದದ್ದು ಒಂದು ಬೆಳ್ಳಿ ನಾಣ್ಯ. ಗಂಡ ಅಶ್ವತ್ಥನಾರಾಯಣ ರಾಯರು ಮ್ಯೂಸಿಯಮ್ಮಿನ ಎದುರಿನ ಫುಟ್‌ಪಾತಿನಲ್ಲಿ ಅದನ್ನು ಕೊಂಡು ತಂದಂದಿನಿಂದ, ರೈಲ್ವೆ ಕಚೇರಿಯಿಂದ ಬಂದವರೇ ಭೂತಗನ್ನಡಿ ಹಿಡಿದು ಕೂರುತ್ತಿದ್ದರು. ಅದರ ಮೇಲಿದ್ದವನು ಎರಡು ಸಾವಿರ ವರ್ಷದ ಹಿಂದಿನ ರೋಮ್ ಚಕ್ರವರ್ತಿಯಂತೆ. ಮುಖಕ್ಕಿಂತ ಮೂಗೇ ದೊಡ್ಡದು. ಮಹಾಲಕ್ಷ್ಮಿ ಅವನಿಗೆ ಮೂಗಣ್ಣ ಎಂದು ನಾಮಕರಣ ಮಾಡಿದ್ದಳು.

"ಇದು ಯಾರ್ಯಾರ ಕೈ ದಾಟಿ ಬಂತು ಅಂತ ಗೊತ್ತಾಗಬೇಕು ಕಣೇ. ಅದೇ ನಾಣ್ಯದ ಪ್ರಾಣ!"

"ನಿಮ್ಮ ಕೈ ಹಿಡಿದೋಳು ಯಾವ ಊರಿಂದ ಬಂದ್ಲು ಅಂತ ನೆನಪಿದ್ಯಾ?"

"ಹೂಂ, ಹೂಂ," ಎಂದರು ರಾಯರು, ಮೂಗಣ್ಣನ ಕಿವಿಯನ್ನು ಪರೀಕ್ಷಿಸುತ್ತ.

ಮೈಸೂರಿನಿಂದ ಕಲ್ಕತ್ತೆಗೆ ಬಂದು ಕಸ್ಬಾದ ಈ ಮಹಡಿ ಮನೆ ಸೇರಿದ ಮೇಲೆ ಅವಳು ಹಗಲೆಲ್ಲ ಕನ್ನಡದಲ್ಲಿ ಮಾತಾಡುತ್ತಿದ್ದದ್ದು ತುಳಸಿ ಗಿಡದೊಂದಿಗೆ ಮತ್ತು ಕುಕ್ಕರಿನೊಂದಿಗೆ. (ಕುಕ್ಕರು ಕೂಗಿ ಉತ್ತರವನ್ನಾದರೂ ಕೊಡುತ್ತಿತ್ತು.) ನಾಲಿಗೆಗೆ ಪಾಚಿ ಕಟ್ಟಬಾರದೆಂದು ತರಕಾರಿಯವನಿಂದಲೂ ಎದುರು ಕಿಟಕಿಯ ಹೆಂಗಸರಿಂದಲೂ ಬಂಗಾಳಿ ಕಲಿತಿದ್ದಳು. ರಾಯರ ಬಂಗಾಳಿಯಾದರೋ 'ದಾದಾ'ದಲ್ಲಿ ಶುರುವಾಗಿ 'ದಾದಾ'ದಲ್ಲೇ ಮುಗಿಯುತ್ತಿತ್ತು. ಹೀಗಾಗಿ ಒಂದು ಭಾನುವಾರ ಅವಳಿಗೆ ರೋಮ್ ಸಾಮ್ರಾಜ್ಯದ ದುಭಾಷಿ ಪದವಿ ಪ್ರಾಪ್ತವಾಯಿತು.

ಫುಟ್‌ಪಾತಿನವನು ತೋರಿಸಿದ್ದು ಪಾರ್ಕ್ ಸ್ಟ್ರೀಟಿನ ಹಿಂದಿನ ಗಲ್ಲಿಯ ನೀಹಾರಬಾಲಾ ಎಂಬ ಮುದುಕಿಯ ಮನೆಯನ್ನು. ಮುದುಕಿ ತಿನ್ನಲು ಸಂದೇಶ್ ಮಿಠಾಯಿ ಕೊಟ್ಟು, ಬಂಗಾಳಿಯಲ್ಲಿ ಒಂದೇ ಮಾತು ಹೇಳಿದಳು: ತೀರಿಹೋದ ಗಂಡ ಅದನ್ನು ತಂದಿದ್ದ, ಎಲ್ಲಿಂದ ಅಂತ ತಾನು ಕೇಳಲೇ ಇಲ್ಲ.

ಅಲ್ಲಿಗೆ ಮೂಗಣ್ಣನ ವಂಶಾವಳಿ ಮುಗಿಯಿತು. ರಾಯರು ಕೊಡೆ ಎತ್ತಿಕೊಂಡು, "ಏನಂದ್ರು?" ಎಂದರು.

ಮಹಾಲಕ್ಷ್ಮಿ ಕೊಡೆಯನ್ನು ನೋಡಿದಳು. ಎಷ್ಟೋ ಕಾಲದ ಮೇಲೆ ರೇಷ್ಮೆ ಸೀರೆ ಉಟ್ಟು ಹೊರಬಂದಿದ್ದಳು. ಇನ್ನು ಟ್ರಾಮು, ಕಸ್ಬಾ, ನಾಲ್ಕು ಗೋಡೆ.

"ಇದಕ್ಕೆ ಮುಂಚೆ ಬಾಗಬಜಾರಿನ ಜಮೀನ್ದಾರರ ಮನೇಲಿತ್ತಂತೆ," ಎಂದಿತು ಅವಳ ಬಾಯಿ, ಅವಳನ್ನು ಒಂದು ಮಾತೂ ಕೇಳದೆ.

ಕೊಡೆ ಕೆಳಗಿಳಿಯಿತು. ರಾಯರು ಹೆಂಡತಿಯ ಮುಖವನ್ನು ಮೂಗಣ್ಣನನ್ನು ನೋಡುವ ಹಾಗೆ ನೋಡಿದರು. ಮದುವೆಯ ದಿನವೂ ಹಾಗೆ ನೋಡಿರಲಿಲ್ಲ. ಆಗ ಹೋಮದ ಹೊಗೆ ಬೇರೆ.

ಮುಂದಿನ ಭಾನುವಾರ ಬಾಗಬಜಾರಿನ ಜಗಲಿಯೊಂದರ ಮೇಲಿದ್ದ ಮುದುಕನನ್ನು ಅವಳು ಕೇಳಿದ್ದು ಒಳ್ಳೆಯ ತುಪ್ಪ ಎಲ್ಲಿ ಸಿಗುತ್ತದೆ ಎಂದು. ಅವನು ಕೈ ಬೀಸಿ ಬೀಸಿ ಹೇಳಿದ್ದನ್ನು, "ಜಮೀನ್ದಾರರ ಸೊಸೆ ಕದ್ದು ಮಾರಿದಳಂತೆ. ಕೊಂಡವನು ಸಾಲ್ಟ್ ಲೇಕಿನವನಂತೆ," ಎಂದು ಅನುವಾದಿಸಿದಳು.

ಅದರ ಮುಂದಿನ ಭಾನುವಾರ ಹೋಗಿ ನೋಡಿದರೆ, ಆಗಿನ ಸಾಲ್ಟ್ ಲೇಕಿನಲ್ಲಿ ಮನೆಗಿಂತ ಮರಳು ಜಾಸ್ತಿ.

"ಅವನ ಮನೆ ಎಲ್ಲೇ?"

"ಕಟ್ಟೋದಿತ್ತಂತೆ. ಕಟ್ಟಲಿಲ್ಲವೇನೋಪ್ಪ."

ಬಂದದ್ದಾಯಿತಲ್ಲ ಎಂದು ಇಬ್ಬರೂ ಮರಳ ಮೇಲೆ ಕೂತು ಚಕ್ಕುಲಿ ತಿಂದರು. ಗಾಳಿ ಬೀಸುತ್ತಿತ್ತು. ರಾಯರು ಸಂಜೆಯವರೆಗೂ ಮಾತಾಡಿದರು. ಎಲ್ಲ ರೋಮಿನ ವಿಷಯವೇ, ಆದರೂ ಕನ್ನಡದಲ್ಲಿ.

ಮನೆಗೆ ಬಂದು ಅವಳು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಗ ರಾಯರು, "ಕಾಲು ನೋವಾ?" ಎಂದರು. ಕೇಳಿದರಲ್ಲ ಎಂಬ ಖುಷಿಗೆ ಅವಳು, "ತುಂಬಾ," ಎಂದುಬಿಟ್ಟಳು. ಕೆಟ್ಟಿದ್ದು ಅಲ್ಲೇ.

ವಾರ ಕಳೆಯುವುದರೊಳಗೆ ರಾಯರು ಕಚೇರಿಯ ಘೋಷ್‌ಬಾಬುವನ್ನು ಕರೆತಂದರು. ಹೆಂಡತಿ ತೀರಿಕೊಂಡ, ಅಂಗಿಯ ಗುಂಡಿ ತಪ್ಪಿಸಿ ಹಾಕಿಕೊಂಡ ಮನುಷ್ಯ. ರಾಯರನ್ನು 'ಅಶ್ಶೊತ್ಥೊಬಾಬು' ಎನ್ನುತ್ತಿದ್ದ.

"ಇನ್ಮೇಲೆ ನೀನು ಅಲೆಯೋದು ಬೇಡ ಕಣೇ. ಇವರೇ ಬರ್ತಾರೆ. ನಾಳೆ ಆ ಪಾರ್ಕ್ ಸ್ಟ್ರೀಟ್ ಅಜ್ಜಿಯಿಂದಲೇ ಶುರುಮಾಡಿ ಎಲ್ಲಾನೂ ಮತ್ತೊಮ್ಮೆ ಖಾತ್ರಿ ಮಾಡ್ಕೊಂಡುಬಿಡ್ತೀವಿ."



ಮರುದಿನ ಅವರಿಬ್ಬರೂ ಹೋದ ಮೇಲೆ ಅವಳು ತುಳಸಿಯ ಮುಂದೆ ತಪ್ಪೊಪ್ಪಿಗೆಯ ತಾಲೀಮು ನಡೆಸಿದಳು. ಮೊದಲು ಅತ್ತು ಆಮೇಲೆ ಹೇಳುವುದೋ, ಹೇಳಿ ಆಮೇಲೆ ಅಳುವುದೋ ತೀರ್ಮಾನವಾಗುವ ಮೊದಲೇ ಬಾಗಿಲು ಬಡಿದ ಸದ್ದಾಯಿತು.

ರಾಯರ ಮುಖ ಹೊಳೆಯುತ್ತಿತ್ತು. "ನೀನು ಹೇಳಿದ್ದು ಅಕ್ಷರಶಃ ಸರಿ ಕಣೇ! ಜಮೀನ್ದಾರ, ಸೊಸೆ, ಎಲ್ಲಾ ಖಾತ್ರಿಯಾಯ್ತು. ಸಾಲದ್ದಕ್ಕೆ ಅಜ್ಜಿಗೆ ಇನ್ನೊಬ್ಬ ಮಾಲೀಕ ನೆನಪಾದ. ಕೃಷ್ಣನಗರದಲ್ಲಿ!"

ಮಹಾಲಕ್ಷ್ಮಿ ಉಪ್ಪಿಟ್ಟಿನ ತಟ್ಟೆಯನ್ನು ಘೋಷ್‌ಬಾಬುವಿನ ಮುಂದಿಟ್ಟು, ಬಂಗಾಳಿಯಲ್ಲಿ ಮೆಲ್ಲಗೆ, "ಅಜ್ಜಿ ನಿಜವಾಗಲೂ ಹಾಗಂದರೇ?" ಎಂದು ಕೇಳಿದಳು.

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಭಾನುವಾರ ನನ್ನ ಮನೆಯಲ್ಲಿ ಒಂದು ಸದ್ದೂ ಇರುವುದಿಲ್ಲ, ಬೌದಿ," ಎಂದ, ಅದೇ ಬಂಗಾಳಿಯಲ್ಲಿ, ಅತ್ತಿಗೆಗೆ ಹೇಳುವ ಹಾಗೆ.

"ಏನಂದ್ರು? ಏನಂದ್ರು?" ರಾಯರು ಮುಂದಕ್ಕೆ ಬಾಗಿದರು.

ಅವನನ್ನು ಹಿಡಿದುಕೊಟ್ಟರೆ ತಾನೂ ಸಿಕ್ಕಿಬೀಳಬೇಕು. ಅಲ್ಲದೆ ಅವನು ಉಪ್ಪಿಟ್ಟನ್ನು ಒಂದೊಂದೇ ಚಮಚ, ಮುಗಿದುಹೋದೀತೆಂಬ ಹಾಗೆ ತಿನ್ನುತ್ತಿದ್ದ.

"ಕೃಷ್ಣನಗರಕ್ಕೆ ಬೆಳಗ್ಗೇನೇ ರೈಲಂತೆ," ಎಂದಳು ಮಹಾಲಕ್ಷ್ಮಿ. ಸ್ವಲ್ಪ ತಡೆದು, "ರೀ, ನಾನೂ ಬರ್ಲಾ?" ಎಂದಳು. ಹಾಗೆ ಬಾಯಿಬಿಟ್ಟು ಅವಳು ಯಾವತ್ತೂ ಕೇಳಿರಲಿಲ್ಲ.

"ಛೆ ಛೆ, ಆ ಕಾಲಿಟ್ಟುಕೊಂಡು ನೀನ್ಯಾಕೆ?" ರಾಯರ ದನಿಯಲ್ಲಿ ನಿಜವಾದ ಅಕ್ಕರೆಯಿತ್ತು. "ಹಾಯಾಗಿ ಮನೇಲಿರು. ಒಂದಿಷ್ಟು ಪುಳಿಯೋಗರೆ ಕಟ್ಟಿಕೊಟ್ಟರೆ ಸಾಕು, ಇಬ್ಬರಿಗೆ."